ಹರಿಯುವ ನೀರಿನಲ್ಲಿ ಪಂಕ್ತಿಭೇದ

ನೀರು ಶರಣಮಾರ್ಗದಲ್ಲಿ ಕೇವಲ ಪಂಚಭೂತಗಳಲ್ಲೊಂದಾಗಿ ಉಳಿದಿಲ್ಲ. ಪ್ರಾತಃಕಾಲದಲ್ಲಿ ಭಕ್ತನು ಯಾವ ನೀರಿನಿಂದ ಇಷ್ಟಲಿಂಗಕ್ಕೆ ಮಜ್ಜನವೆರೆಯುವನೋ ಅದೇ ನೀರು ಗುರುಜಂಗಮರ ಪಾದವನ್ನು ಸೋಂಕಿದಾಗ ಪಾದೋದಕವೆನಿಸುತ್ತದೆ. ಹೊಲವನ್ನು ಸೋಂಕಿದಾಗ ಅನ್ನವಾಗುತ್ತದೆ. ಆ ಅನ್ನವು ಲಿಂಗಾರ್ಪಿತವಾದಾಗ ಪ್ರಸಾದವಾಗುತ್ತದೆ. ಹೀಗೆ ಅಷ್ಟಾವರಣಗಳಲ್ಲಿ ಎರಡು ಆವರಣಗಳು ನೀರನ್ನೇ ಆಶ್ರಯಿಸಿಕೊಂಡಿವೆ. ಅಂತಹ ನೀರಿಗಾಗಿ ನೆರೆಹೊರೆಯ ರಾಜ್ಯಗಳು ದಶಕಗಳ ಕಾಲ ವ್ಯಾಜ್ಯ ಹೂಡಿ ನಿಂತಿರುವಾಗ, ಧರ್ಮದ ಮಾತನ್ನಾಡುವವರು ಇದು ರಾಜಕಾರಣದ ವಿಷಯವೆಂದು ಮುಖ ತಿರುಗಿಸಿ ಕೂಡುವುದು ಉಚಿತವಲ್ಲ.

ಈ ಲೇಖನಕ್ಕೆ ಕಾರಣರಾದವರು ಭೀಮಾತೀರದ ಓರ್ವ ಸದ್ಭಕ್ತರು. ಸಾಯಂಕಾಲದ ಪ್ರವಚನ ಮುಗಿದು ಜನರು ಚದರಿದ ಮೇಲೆ ಅವರು ನನ್ನ ಬಳಿ ಬಂದು ಕುಳಿತು ಹೀಗೆ ಕೇಳಿದರು: “ಮಾಸ್ತರ್ರೀ, ಮ್ಯಾಲಿನವ್ರು ನೀರು ಹಿಡದ್ರ ನಾವು ಒಣಗತೀವಿ, ಬಿಟ್ರ ಮುಳುಗತೀವಿ. ದಿಲ್ಲ್ಯಾಗ ಕುಂತವ್ರು ಒಂದು ಕಾಯ್ದೆ ಮಾಡಿ ಇದನ್ನ ಮುಗಸಬಾರದೇನ್ರಿ?” ಪ್ರಶ್ನೆಯು ಸರಳವಾಗಿತ್ತು. ಆದರೆ ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. “ವಿಚಾರ ಮಾಡಿ ಹೇಳುತ್ತೇನೆ” ಎಂದು ಅವರನ್ನು ಬೀಳ್ಕೊಟ್ಟೆನು. ಆ ವಿಚಾರವನ್ನು ಈಗ ವಾಚಕರ ಮುಂದೆಯೂ ಇರಿಸುತ್ತಿದ್ದೇನೆ.

ಮೊದಲು ನಮ್ಮ ನದಿಯ ಸ್ಥಿತಿಯನ್ನು ನೋಡೋಣ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿದ ಭೀಮೆಯು ಪುಣೆ, ಸೊಲ್ಲಾಪುರ ಜಿಲ್ಲೆಗಳನ್ನು ದಾಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಕೆಲವು ದೂರ ಎರಡು ರಾಜ್ಯಗಳ ಎಲ್ಲೆಯಾಗಿ ಹರಿದು ನಮ್ಮ ಅಫಜಲಪುರ ತಾಲ್ಲೂಕನ್ನು ಸೇರುತ್ತಾಳೆ. ಆಳಂದದ ಕಡೆಯಿಂದ ಬರುವ ಅಮರ್ಜೆಯು ಗಾಣಗಾಪುರದಲ್ಲಿ ಅವಳನ್ನು ಕೂಡುತ್ತಾಳೆ. ಮುಂದೆ ಜೇವರ್ಗಿಯ ಸೀಮೆಯನ್ನು ತೊಯಿಸಿ, ರಾಯಚೂರಿನ ಉತ್ತರಕ್ಕೆ ಭೀಮೆಯು ಕೃಷ್ಣೆಯಲ್ಲಿ ಐಕ್ಯಳಾಗುತ್ತಾಳೆ. ಮೇಲ್ಗಡೆ ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯವು ಸುಮಾರು 117 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ನಮ್ಮ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು ಹಿಡಿಯುವುದು ಮೂರು ಟಿ.ಎಂ.ಸಿ.ಗಿಂತ ತುಸು ಹೆಚ್ಚು ಮಾತ್ರ. ಮೇಲಿನ ಕೊಪ್ಪರಿಗೆಗೂ ಕೆಳಗಿನ ತಂಬಿಗೆಗೂ ಇರುವ ಈ ಅಂತರದಲ್ಲಿಯೇ ನಮ್ಮ ಸುಖದುಃಖಗಳು ಅಡಗಿವೆ.

2020ರ ಅಕ್ಟೋಬರಿನಲ್ಲಿ ಮಳೆಯೂ ಸುರಿದು, ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರೂ ಸೇರಿ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆದಂಡೆಯ ಗ್ರಾಮಗಳು ಜಲಾವೃತವಾದವು. ರಾಶಿಗೆ ಬಂದಿದ್ದ ಬೆಳೆಯೂ ಮನೆಯ ಕಾಳುಕಡಿಯೂ ನೀರು ಪಾಲಾದವು. ಅದೇ ನದಿಯು 2024ರ ಬೇಸಗೆಯಲ್ಲಿ ಎಷ್ಟು ಬತ್ತಿತೆಂದರೆ, ಉಜನಿಯಿಂದ ಕುಡಿಯುವ ನೀರನ್ನಾದರೂ ಬಿಡಿಸಿಕೊಡಿರೆಂದು ಅಫಜಲಪುರದಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು. 2025ರ ಬೇಸಗೆಯಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಭೀಮೆಗೆ ನೀರು ಬಿಡುವಂತೆ ಕೋರಬೇಕಾಯಿತು. ವಾಚಕರು ಈ ಕೊನೆಯ ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ನ್ಯಾಯವಾಗಿ ದೊರೆಯತಕ್ಕ ಪಾಲು ಯಾಚನೆಯಿಂದ ದೊರೆಯುವಂತಾದರೆ ಅದು ಭಿಕ್ಷೆಯಾಯಿತು. ಕೊಡುವವನ ಮನಸ್ಸು ಕರಗಿದರೆ ಉಂಟು, ಕರಗದಿದ್ದರೆ ಇಲ್ಲ. ಕಾಯಕವನ್ನು ಎತ್ತಿಹಿಡಿದು ಯಾಚನೆಯನ್ನು ನಿರಾಕರಿಸಿದ ಶರಣರ ನಾಡಿನಲ್ಲಿ ಒಕ್ಕಲಿಗನು ವರುಷವರುಷವೂ ನೀರಿನ ಭಿಕ್ಷೆಗೆ ನಿಲ್ಲುವುದು ಧರ್ಮವೆ?

ಇನ್ನು ಶಾಸನದ ಸ್ಥಿತಿ. ನಮ್ಮ ಸಂವಿಧಾನವು ನೀರನ್ನು ಸಾಮಾನ್ಯವಾಗಿ ರಾಜ್ಯಗಳ ಪಟ್ಟಿಯಲ್ಲಿರಿಸಿದೆ. ಆದರೆ ಅಂತರರಾಜ್ಯ ನದಿಗಳ ನಿಯಂತ್ರಣವನ್ನು, ಲೋಕಹಿತಕ್ಕಾಗಿ ಎಷ್ಟು ಅವಶ್ಯವೆಂದು ಸಂಸತ್ತು ಸಾರುವುದೋ ಅಷ್ಟರ ಮಟ್ಟಿಗೆ, ಕೇಂದ್ರದ ಪಟ್ಟಿಗೆ ಸೇರಿಸಿದೆ. 262ನೆಯ ಅನುಚ್ಛೇದವು ಇಂತಹ ವ್ಯಾಜ್ಯಗಳ ನಿರ್ಣಯಕ್ಕೆ ವ್ಯವಸ್ಥೆ ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ನಮ್ಮ ಜಿಲ್ಲೆಯು ಹೈದರಾಬಾದು ಸಂಸ್ಥಾನದಿಂದ ಬಿಡಿಸಿಕೊಂಡು ಕನ್ನಡ ನಾಡನ್ನು ಸೇರಿದ 1956ರಲ್ಲಿಯೇ ಸಂಸತ್ತು ಎರಡು ಕಾಯ್ದೆಗಳನ್ನು ರಚಿಸಿತು. ಒಂದು ಅಂತರರಾಜ್ಯ ನದಿನೀರು ವಿವಾದಗಳ ಕಾಯ್ದೆ, ಮತ್ತೊಂದು ನದಿ ಮಂಡಳಿಗಳ ಕಾಯ್ದೆ. ಮೊದಲನೆಯದರ ಪ್ರಕಾರ 1969ರಲ್ಲಿ ನೇಮಕಗೊಂಡ ಬಚಾವತ್ ನ್ಯಾಯಮಂಡಳಿಯು 1973ರಲ್ಲಿ ವರದಿಯಿತ್ತು, 1976ರಲ್ಲಿ ಅದನ್ನು ಪೂರ್ಣಗೊಳಿಸಿತು. ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ನಂಬಬಹುದಾದ ಕೃಷ್ಣೆಯ ನೀರು 2060 ಟಿ.ಎಂ.ಸಿ.ಯೆಂದು ಎಣಿಸಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಪ್ರದೇಶಕ್ಕೆ 800 ಎಂದು ಹಂಚಿತು. ಭೀಮೆಯ ವಿಷಯದಲ್ಲಿ ಮೇಲ್ಭೀಮಾ ಕೊಳ್ಳದಿಂದ ಮಹಾರಾಷ್ಟ್ರವು 95ಕ್ಕೆ ಮೀರಿ, ಭೀಮೆಯ ಮುಖ್ಯ ಪ್ರವಾಹದಿಂದ ಕರ್ನಾಟಕವು 15ಕ್ಕೆ ಮೀರಿ ಬಳಸಕೂಡದೆಂದು ಎಲ್ಲೆ ಕಟ್ಟಿತು.

ಈಗ ಮೂಲ ಪ್ರಶ್ನೆಗೆ ಬರೋಣ. ರಾಜ್ಯಗಳ ನೀರಿನ ಜಗಳದಲ್ಲಿ ದೇಶದ ಶಾಸನಕರ್ತರು ಪ್ರವೇಶಿಸಬೇಕೆ, ಬೇಡವೆ? ಪ್ರವೇಶಿಸಬೇಕಾದರೆ ಎಷ್ಟರ ಮಟ್ಟಿಗೆ?

ಮೊದಲನೆಯ ಪೂರ್ವಪಕ್ಷವು ಹೀಗಿದೆ: “ನದಿಯು ಹರಿಯುವುದು ರಾಜ್ಯದ ನೆಲದ ಮೇಲೆ. ಅದರ ಬರಗಾಲವನ್ನು ಅನುಭವಿಸುವವರು ಅಲ್ಲಿಯ ಜನರು. ದೂರದ ರಾಜಧಾನಿಯಲ್ಲಿ ಕುಳಿತವರಿಗೆ ಅಫಜಲಪುರದ ಬಾಯಾರಿಕೆಯಾಗಲಿ ಮಾಢಾದ ಬಾಯಾರಿಕೆಯಾಗಲಿ ತಿಳಿಯದು. ಆದುದರಿಂದ ಅವರು ದೂರವಿರಲಿ, ರಾಜ್ಯಗಳು ತಮ್ಮತಮ್ಮೊಳಗೆ ಬಗೆಹರಿಸಿಕೊಳ್ಳಲಿ.”

ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮಠದ ದಾಸೋಹವನ್ನು ಬಲ್ಲವರು ಇದರ ದೋಷವನ್ನು ಒಡನೆಯೇ ಕಾಣುವರು. ಪ್ರಸಾದಕ್ಕೆ ಕುಳಿತ ಪಂಕ್ತಿಯಲ್ಲಿ ಮೊದಲನೆಯ ಸ್ಥಾನ ಯಾವನಿಗೋ ದೊರೆತಿರುತ್ತದೆ, ಕೊನೆಯದು ಮತ್ತಾವನಿಗೋ. ಮೊದಲು ಕುಳಿತವನು ಪಾತ್ರೆಯು ತನ್ನ ಮುಂದೆ ಮೊದಲು ಬಂದಿತೆಂಬ ಕಾರಣಕ್ಕೆ ಅದರ ಒಡೆಯನಾಗುವನೆ? ಹಾಗೆ ಅವನು ತನಗೆ ಬೇಕಾದಷ್ಟನ್ನು ತೆಗೆದಿರಿಸಿಕೊಂಡರೆ ಅದನ್ನು ನಾವು ಪಂಕ್ತಿಭೇದವೆಂದು ಕರೆಯುತ್ತೇವೆ. ನದಿಯೂ ಒಂದು ಪಂಕ್ತಿಯೇ. ಸಹ್ಯಾದ್ರಿಯ ಬದಿಗೆ ಕುಳಿತವರಿಗೆ ಮೊದಲ ಸ್ಥಾನ, ಸಮುದ್ರದ ಬದಿಗೆ ಕುಳಿತವರಿಗೆ ಕೊನೆಯ ಸ್ಥಾನ. ಈ ಕ್ರಮವನ್ನು ಭೂಮಿಯ ಇಳಿಜಾರು ಮಾಡಿತೇ ಹೊರತು ಯಾರ ಪುಣ್ಯವೂ ಮಾಡಲಿಲ್ಲ. 2018ರ ಕಾವೇರಿ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತರರಾಜ್ಯ ನದಿಯು ರಾಷ್ಟ್ರದ ಸಂಪತ್ತು, ಯಾವ ಒಂದು ರಾಜ್ಯವೂ ಅದರ ಒಡೆತನವನ್ನು ಸಾರುವಂತಿಲ್ಲವೆಂದು ಹೇಳಿದುದು ಈ ಅರ್ಥದಲ್ಲಿಯೇ.

ಅದೂ ಅಲ್ಲದೆ ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವುದು ಯಾವನಿಗೂ ಸಲ್ಲದು. ಇದರ ದೃಷ್ಟಾಂತಕ್ಕಾಗಿ ನಾವು ಪರರ ಮನೆಯನ್ನು ಹುಡುಕಬೇಕಾಗಿಲ್ಲ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆಜ್ಞೆಯನ್ನು ನಿಷ್ಫಲಗೊಳಿಸಲು ನಮ್ಮ ಕರ್ನಾಟಕವೇ ಒಂದು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಅಭಿಪ್ರಾಯವಿತ್ತಿತು. 2004ರಲ್ಲಿ ಪಂಜಾಬವು ಹರಿಯಾಣಾದೊಡನೆ ಇದ್ದ ನೀರಿನ ಒಪ್ಪಂದಗಳನ್ನು ತನ್ನ ಕಾಯ್ದೆಯಿಂದಲೇ ಮುರಿಯಿತು. 2016ರಲ್ಲಿ ಅದಕ್ಕೂ ಅದೇ ಗತಿಯಾಯಿತು. ಬಾಯಾರಿದವನ ಕೈಯಲ್ಲಿ ತಕ್ಕಡಿಯನ್ನು ಕೊಟ್ಟರೆ ತಕ್ಕಡಿಯು ನೆಟ್ಟಗೆ ನಿಲ್ಲುವುದಿಲ್ಲ. ಅವನು ದುಷ್ಟನೆಂದೇನೂ ಇದರ ಅರ್ಥವಲ್ಲ. ಅವನಿಗೆ ಬಾಯಾರಿದೆ, ಅಷ್ಟೆ. ಆದುದರಿಂದ ರಾಜ್ಯಗಳಿಗಿಂತ ಮೇಲಿನ ಒಂದು ವ್ಯವಸ್ಥೆಯು ಇರಲೇಬೇಕು. ಮೊದಲನೆಯ ಪೂರ್ವಪಕ್ಷವು ನಿಲ್ಲಲಾರದು.

ಎರಡನೆಯ ಪೂರ್ವಪಕ್ಷವು ನಮ್ಮ ಭಕ್ತರದು: ಸಂಸತ್ತೇ ಒಂದು ಕಾಯ್ದೆ ಮಾಡಿ, ಇಂತಿಂತಹವರಿಗೆ ಇಷ್ಟಿಷ್ಟೆಂದು ನೀರನ್ನು ಹಂಚಿ ಮುಗಿಸಿಬಿಡಲಿ. ಸತ್ಯವನ್ನು ಹೇಳುವುದಾದರೆ, ಆ ರಾತ್ರಿ ನನ್ನ ಮನಸ್ಸೂ ಇದೇ ಕಡೆಗೆ ವಾಲಿತ್ತು. ಹೊಳೆದಂಡೆಯ ಹಳ್ಳಿಗಳಿಂದ ಬಂದ ಮಕ್ಕಳಿಗೆ ಪಾಠ ಹೇಳುವವನು ನಾನು. ಪ್ರವಾಹದ ವರ್ಷದಲ್ಲಿ ಪುಸ್ತಕಗಳನ್ನು ನೀರಿಗೆ ಕಳೆದುಕೊಂಡ ಮಗುವನ್ನೂ, ಬೇಸಗೆಯಲ್ಲಿ ಕೊಡ ಹೊತ್ತು ತಡವಾಗಿ ಬಂದ ಮಗುವನ್ನೂ ಕಂಡವನಿಗೆ ದೀರ್ಘ ವಿಚಾರಣೆಗಳಲ್ಲಿ ತಾಳ್ಮೆಯುಳಿಯುವುದು ಕಠಿಣ. ಆದರೂ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡಿದಾಗ ನನ್ನ ಅಭಿಪ್ರಾಯವು ಬದಲಾಯಿತು.

ಸಂಸತ್ತು ನಿರ್ಣಯಿಸುವುದು ಮತಗಳ ಎಣಿಕೆಯಿಂದ. ಲೋಕಸಭೆಯಲ್ಲಿ ಮಹಾರಾಷ್ಟ್ರಕ್ಕೆ 48 ಸ್ಥಾನಗಳು, ಕರ್ನಾಟಕಕ್ಕೆ 28. ಭೀಮೆಯ ಪಾಲನ್ನು ಕೈಯೆತ್ತಿಸಿ ಹಂಚುವುದಾದರೆ ಫಲವೇನೆಂಬುದನ್ನು ಊಹಿಸಬಹುದು. ಇದನ್ನು ಕೇಳಿ ನಮಗೆ ಅನ್ಯಾಯವೆನಿಸಿದರೆ ಮಹದಾಯಿಯ ಕಡೆಗೆ ತಿರುಗಿ ನೋಡಬೇಕು. ಅಲ್ಲಿ ನಮ್ಮ ಎದುರು ಪಕ್ಷವಾದ ಗೋವೆಗೆ ಇರುವುದು ಎರಡೇ ಸ್ಥಾನಗಳು. ಭೀಮೆಯಲ್ಲಿ ಸಂಖ್ಯಾಬಲವು ಅಧರ್ಮವೆನ್ನುವ ನಾವು ಮಹದಾಯಿಯಲ್ಲಿ ಅದನ್ನು ಧರ್ಮವೆನ್ನಲಾದೀತೆ? ತನಗೆ ಅನುಕೂಲವಾದಾಗ ಮಾತ್ರ ಒಪ್ಪತಕ್ಕ ನ್ಯಾಯವು ನ್ಯಾಯವೆನಿಸದು. ನೀರಿನ ಅವಶ್ಯಕತೆಯನ್ನು ಅಳೆಯಲು ಮಳೆ, ನೆಲ, ಬೆಳೆ, ಜನ, ಜಾನುವಾರುಗಳ ಸಾಕ್ಷ್ಯ ಬೇಕು. ಸದಸ್ಯರ ತಲೆಯೆಣಿಕೆಯಲ್ಲಿ ಆ ಸಾಕ್ಷ್ಯವು ದೊರೆಯದು.

ಪಾಲನ್ನು ಶಾಸನದಲ್ಲಿಯೇ ಅಂಕಿಗಳಿಂದ ಬರೆದಿಟ್ಟರೆ ಏನಾಗುವುದೆಂಬುದಕ್ಕೆ ಅಮೆರಿಕಾದ ಕೊಲರಾಡೊ ನದಿಯೇ ನಿದರ್ಶನ. 1922ರಲ್ಲಿ ಆ ಕೊಳ್ಳದ ರಾಜ್ಯಗಳು ಒಂದು ಒಪ್ಪಂದಕ್ಕೆ ಬಂದವು. 1928ರಲ್ಲಿ ಅಲ್ಲಿಯ ಕಾಂಗ್ರೆಸ್ಸು ಎಂಬ ಶಾಸನಸಭೆಯು ಒಂದು ಕಾಯ್ದೆ ಮಾಡಿತು. ಕೆಳಗಿನ ಮೂರು ರಾಜ್ಯಗಳ ಪಾಲನ್ನು ಆ ಕಾಯ್ದೆಯೇ ನಿಶ್ಚಯಿಸಿದೆಯೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ನಿರ್ಣಯಿಸಿತು. ಜಗಳವು ಮುಗಿಯಿತೆಂದು ತೋರಿತು. ಆದರೆ 1922ರಲ್ಲಿ ನೀರನ್ನು ಅಂದಾಜಿಸಲು ಆಧಾರವಾಗಿದ್ದುದು ಹೆಚ್ಚು ಮಳೆಯ ಕೆಲವು ವರ್ಷಗಳ ಲೆಕ್ಕ. ಮುಂದೆ ನದಿಯಲ್ಲಿ ಅಷ್ಟು ನೀರು ಬರಲಿಲ್ಲ. ಕಾಗದದ ಮೇಲೆ ಇರುವ ನೀರು ಹೊಳೆಯಲ್ಲಿ ಇಲ್ಲದಾದಾಗ ಆ ರಾಜ್ಯಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಪುನಃ ಮಾತುಕತೆಗೆ ಕೂಡಬೇಕಾಯಿತು. ನದಿಗೆ ಕಾಯ್ದೆಯನ್ನು ಓದಲು ಬರುವುದಿಲ್ಲ. ಆದುದರಿಂದ ಎರಡನೆಯ ಪೂರ್ವಪಕ್ಷವೂ ನಿಲ್ಲಲಾರದು.

ಹಾಗಾದರೆ ಸಿದ್ಧಾಂತವೇನು? ಪುನಃ ದಾಸೋಹದ ಪಂಕ್ತಿಗೇ ಹೋಗೋಣ. ಅಲ್ಲಿ ಮಠವು ಕಟ್ಟಳೆಯನ್ನು ಹಾಕುತ್ತದೆ. ಕೊನೆಯವನಿಗೆ ಮುಟ್ಟುವವರೆಗೆ ಬಡಿಸತಕ್ಕದ್ದು, ಎಲ್ಲರಿಗೂ ಮುಟ್ಟಿದ ಮೇಲೆ ಎರಡನೆಯ ಸಲ ಬಡಿಸತಕ್ಕದ್ದು, ಅಡುಗೆ ಕಡಿಮೆಯಾದರೆ ಎಲ್ಲರಿಗೂ ಕಡಿಮೆ ಬಡಿಸತಕ್ಕದ್ದು, ಇತ್ಯಾದಿ. ಆದರೆ ಸೌಟನ್ನು ಹಿಡಿಯುವವನು ಬೇರೆ. ಅವನು ಆ ಪಂಕ್ತಿಯಲ್ಲಿ ಉಣ್ಣಲು ಕುಳಿತವನಾಗಿರಕೂಡದು. ಅವನು ಕಟ್ಟಳೆಯನ್ನು ಮೀರಿದರೆ ಕೇಳುವ ಹಿರಿಯರೊಬ್ಬರು ಅಲ್ಲಿರಬೇಕು. ದೇಶದ ಶಾಸನಕರ್ತರ ಧರ್ಮವು ಇಷ್ಟೇ: ಕಟ್ಟಳೆಯನ್ನು ಹಾಕುವುದು, ನಿಷ್ಪಕ್ಷಪಾತಿಯಾದ ಕೈಗೆ ಸೌಟನ್ನು ಕೊಡುವುದು, ತೀರ್ಪು ನಡೆಯುವಂತೆ ನೋಡಿಕೊಳ್ಳುವುದು. ಸೌಟನ್ನು ತಾವೇ ಹಿಡಿಯುವುದು ಅತಿಕ್ರಮ. ಕಟ್ಟಳೆಯನ್ನು ಹಾಕಿ ಅದು ನಡೆಯುತ್ತಿದೆಯೇ ಎಂದು ನೋಡದಿರುವುದು ಕರ್ತವ್ಯಲೋಪ. ನಮ್ಮ ದೇಶದಲ್ಲಿ ಹೆಚ್ಚಾಗಿ ಆಗಿರುವುದು ಈ ಎರಡನೆಯ ದೋಷ.

ಇದಕ್ಕೆ ಕಾರಣಗಳನ್ನು ಕೊಡುತ್ತೇನೆ. ಕೃಷ್ಣೆಯ ಎರಡನೆಯ ನ್ಯಾಯಮಂಡಳಿಯು 2004ರಲ್ಲಿ ರಚನೆಯಾಯಿತು. 2010ರಲ್ಲಿ ನಿರ್ಣಯವಿತ್ತು, 2013ರ ಮುಂದುವರಿದ ವರದಿಯಲ್ಲಿ ಮಹಾರಾಷ್ಟ್ರಕ್ಕೆ 666, ಕರ್ನಾಟಕಕ್ಕೆ 907, ಆಂಧ್ರಕ್ಕೆ 1005 ಟಿ.ಎಂ.ಸಿ.ಯೆಂದು ಹೇಳಿತು. ಆದರೆ ಸರ್ವೋಚ್ಚ ನ್ಯಾಯಾಲಯದ 2011ರ ತಡೆಯಾಜ್ಞೆಯ ದೆಸೆಯಿಂದ ಅದು ರಾಜಪತ್ರದಲ್ಲಿ ಪ್ರಕಟವಾಗದೆ ಹತ್ತು ವರ್ಷಗಳಿಗೂ ಮಿಕ್ಕಿ ಉಳಿಯಿತು. ಪ್ರಕಟವಾಗದ ತೀರ್ಪಿಗೆ ಬಲವಿಲ್ಲ. ಕಾವೇರಿಯ ನ್ಯಾಯಮಂಡಳಿಯು 1990ರಲ್ಲಿ ಹುಟ್ಟಿತು; ತೀರ್ಪನ್ನು ಜಾರಿಗೆ ತರುವ ಪ್ರಾಧಿಕಾರವು ಬಂದುದು 2018ರಲ್ಲಿ. ಆ ವರ್ಷ ಹುಟ್ಟಿದ ಮಗುವು ಅಷ್ಟರಲ್ಲಿ ಸಂಸಾರಸ್ಥನಾಗಿರುವನು! 2002ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ ಕಾಲಮಿತಿಗಳನ್ನು ಹಾಕಿತು. ನದಿಗಳಿಗೆಲ್ಲ ಒಂದೇ ಸ್ಥಿರ ನ್ಯಾಯಮಂಡಳಿಯನ್ನೂ, ನೀರಿನ ಲೆಕ್ಕದ ಭಂಡಾರವನ್ನೂ ಏರ್ಪಡಿಸುವ ಮಸೂದೆಯೊಂದನ್ನು ಲೋಕಸಭೆಯು 2019ರ ಜುಲೈಯಲ್ಲಿ ಅಂಗೀಕರಿಸಿತು. ಆದರೆ ಅದು ಕಾಯ್ದೆಯಾಗಲಿಲ್ಲ. ಇನ್ನು 1956ರ ನದಿ ಮಂಡಳಿಗಳ ಕಾಯ್ದೆಯಂತೂ ಗ್ರಂಥದಲ್ಲಿಯೇ ಉಳಿಯಿತು. ಅದರ ಪ್ರಕಾರ ಒಂದು ಮಂಡಳಿಯೂ ರಚಿತವಾಗಲಿಲ್ಲ. ನ್ಯಾಯಕ್ಕೆ ಬಾಗಿಲನ್ನಿಟ್ಟು ಆ ಬಾಗಿಲಿಗೆ ಕದವನ್ನೇ ತೆರೆಯದಿದ್ದರೆ ಬಾಗಿಲಿದ್ದೂ ಫಲವೇನು?

ಮತ್ತೊಂದು ಕೊರತೆಯಿದೆ. ನ್ಯಾಯಮಂಡಳಿಯ ಪಾಲುಗಳು ಜೂನಿನಿಂದ ಮೇ ತಿಂಗಳವರೆಗಿನ ಇಡೀ ವರ್ಷದ ಮೊತ್ತಗಳು. ಅಕ್ಟೋಬರಿನಲ್ಲಿ ಮನೆಯೊಳಗೆ ನುಗ್ಗಿದ ನೀರನ್ನು ಏಪ್ರಿಲ್ ತಿಂಗಳ ಬಾಯಾರಿಕೆಯ ಲೆಕ್ಕಕ್ಕೆ ಜಮೆ ಮಾಡಿದರೆ ಗಣಿತವು ಸರಿಹೋಗಬಹುದು, ನಾಲಿಗೆಯು ಒದ್ದೆಯಾಗದು. ಬೇಸಗೆಯ ತಿಂಗಳುಗಳಲ್ಲಿ ನದಿಯಲ್ಲಿ ಕನಿಷ್ಠ ಎಷ್ಟು ನೀರು ಹರಿಯಬೇಕು, ಗೇಟುಗಳನ್ನು ತೆರೆಯುವ ಮೊದಲು ಕೆಳಗಿನವರಿಗೆ ಎಷ್ಟು ಹೊತ್ತು ಮುಂಚೆ ತಿಳಿಸಬೇಕು, ಪ್ರತಿಯೊಂದು ಜಲಾಶಯದ ಪ್ರತಿದಿನದ ಅಳತೆಯು ಎಲ್ಲರ ಕಣ್ಣಿಗೆ ಹೇಗೆ ಬೀಳಬೇಕು ಎಂಬ ಕಟ್ಟಳೆಗಳನ್ನು ಹಾಕುವುದು ಸಂಸತ್ತಿಗೆ ಅಸಾಧ್ಯವಲ್ಲ. ಇವುಗಳಲ್ಲಿ ಯಾವ ರಾಜ್ಯದ ಪಾಲೂ ಕಡಿಮೆಯಾಗುವುದಿಲ್ಲ. ಕಲ್ಯಾಣದ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ದೂರು ಹುಟ್ಟಿದಾಗ ಅವರು ಭಂಡಾರವನ್ನು ತೆರೆದು ಲೆಕ್ಕವನ್ನು ಒಪ್ಪಿಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಶುದ್ಧಹಸ್ತನಿಗೆ ಲೆಕ್ಕ ತೋರಿಸುವುದರಲ್ಲಿ ಅಳುಕಿಲ್ಲ. ನೀರನ್ನು ಹಿಡಿದವರೂ ಹಾಗೆಯೇ ಲೆಕ್ಕವನ್ನು ತೆರೆದಿಡತಕ್ಕದ್ದು.

ಇಷ್ಟು ಹೇಳಿ ನಿಲ್ಲಿಸಿದರೆ ವಿಚಾರವು ಅರ್ಧವಾದೀತು. ನಾವು ಮಹಾರಾಷ್ಟ್ರಕ್ಕೆ ಕೆಳಗಿನವರು. ಆದರೆ ತೆಲಂಗಾಣ, ಆಂಧ್ರಗಳಿಗೆ ಮೇಲಿನವರು. ಉಜನಿಯ ವಿಷಯದಲ್ಲಿ ನಾವು ಆಡುವ ಮಾತನ್ನೇ ಆಲಮಟ್ಟಿಯ ವಿಷಯದಲ್ಲಿ ಅವರು ಆಡುತ್ತಾರೆ. ನಮ್ಮ ಜಿಲ್ಲೆಯೊಳಗೆ ಬಂದರೆ ಸೊನ್ನದವರು ಮೇಲಿನವರು, ಜೇವರ್ಗಿಯವರು ಕೆಳಗಿನವರು. ಆಳಂದದಲ್ಲಿ ಕೊರಳ್ಳಿಯ ಬಳಿಯ ಅಮರ್ಜಾ ಜಲಾಶಯದ ಮೇಲಿನ ಹೊಲಕ್ಕೂ ಕಾಲುವೆಯ ಕೊನೆಯ ಹೊಲಕ್ಕೂ ಅದೇ ಸಂಬಂಧ. ಹೊಳೆಯಲ್ಲಿ ನೀರು ತಗ್ಗಿದಾಗ ದೊಡ್ಡ ಪಂಪುಸೆಟ್ಟನ್ನು ಇಳಿಸಿ ಕಬ್ಬಿಗೆ ನೀರು ಹಾಯಿಸುವವನು, ಕೆಳಗಿನ ಊರಿನ ಕುಡಿಯುವ ನೀರಿನ ಬಾವಿಯನ್ನು ನೆನೆಯುವನೆ? ಅವನು ಉಜನಿಯವರನ್ನು ಬಯ್ಯುವಾಗ ಅವನ ಮಾತಿನಲ್ಲಿ ಎಷ್ಟು ಬಲವಿದ್ದೀತು? ಈ ಲೋಕದಲ್ಲಿ ಕೇವಲ ಮೇಲಿನವನಾಗಲಿ ಕೇವಲ ಕೆಳಗಿನವನಾಗಲಿ ದುರ್ಲಭ. ಮೇಲಿನವನಿಂದ ಯಾವುದನ್ನು ಬಯಸುವೆವೋ ಅದನ್ನು ಕೆಳಗಿನವನಿಗೆ ಕೊಡುವುದೇ ನೀರಿನ ವಿಷಯದಲ್ಲಿ ಸದಾಚಾರ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ವಾಚಕರು ಬಲ್ಲರು. ನಿತ್ಯದ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಒಂದು ದಿನ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಆ ಅಕ್ಕಿಯು ಕದ್ದುದಾಗಿರಲಿಲ್ಲ. ನೆಲಕ್ಕೆ ಬಿದ್ದುದನ್ನು ಆಯ್ದುದು. ಆದರೂ ಅವಶ್ಯಕತೆಯನ್ನು ಮೀರಿದ್ದು ಮತ್ತೊಬ್ಬರ ಪಾಲೆಂಬುದನ್ನು ಆ ತಾಯಿಯು ಅರಿತಿದ್ದರು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಬೆಳೆದು ನಿಂತ ಹೊಲದಲ್ಲಿ ಹಕ್ಕಿಗಳನ್ನು ಓಡಿಸದೆ, ಅವುಗಳಿಗೆ ನೀರನ್ನೂ ಇರಿಸಿದರೆಂದು ನಮ್ಮ ಜನರು ಇಂದಿಗೂ ಹೇಳುತ್ತಾರೆ. ಅಂತಹವರ ನೆಲದಲ್ಲಿ ಬಾಳುವ ನಾವು ಒಂದು ಸರದಿಯ ನೀರನ್ನು ನೆರೆಯವನಿಗೆ ಬಿಡಲಾರದೆ ಹೋದರೆ ವಿಭೂತಿ ರುದ್ರಾಕ್ಷಿಗಳ ಧಾರಣೆಯು ಬರಿಯ ಭಾರವಾದೀತು.

ಆದರೆ ಇದರಿಂದ, ಎಲ್ಲರೂ ಶರಣರಾದರೆ ಸಾಕು, ಕಾಯ್ದೆ ಬೇಡವೆಂದು ಯಾರೂ ತಿಳಿಯಕೂಡದು. ಲಕ್ಕಮ್ಮನವರು ಮನೆಗೊಬ್ಬರಂತೆ ಹುಟ್ಟುವುದಿಲ್ಲ. ಒಳಗಿನ ಕಟ್ಟಳೆಯು ಪಕ್ವವಾಗುವವರೆಗೆ ಹೊರಗಿನ ಕಟ್ಟಳೆಯು ಬೇಕು. ಹೊರಗಿನ ಕಟ್ಟಳೆಯು ಎಷ್ಟೇ ಬಲವಾಗಿದ್ದರೂ ರಾತ್ರಿಯ ಹೊತ್ತು ಕಾಲುವೆಯ ಗೇಟನ್ನು ಎತ್ತುವ ಕೈಯನ್ನು ತಡೆಯಲು ಒಳಗಿನದೇ ಬೇಕು. ಒಂದಿದ್ದರೆ ಮತ್ತೊಂದು ಬೇಡವೆನ್ನುವುದು ಅವಿಚಾರ.

ಕೆಲವು ದಿನಗಳ ಮೇಲೆ ಆ ಭಕ್ತರು ಪುನಃ ಮಠಕ್ಕೆ ಬಂದಾಗ ಇಷ್ಟನ್ನೂ ಅವರ ಮಾತಿನಲ್ಲಿಯೇ ಸಂಕ್ಷೇಪವಾಗಿ ಹೇಳಿದೆನು. ದಿಲ್ಲಿಯವರು ಬರಬೇಕು, ಆದರೆ ಸೌಟು ಹಿಡಿಯಲು ಅಲ್ಲ, ಪಂಕ್ತಿಯನ್ನು ಕಾಯಲು ಎಂದೆನು. ಅವರು ಕ್ಷಣಕಾಲ ಸುಮ್ಮನಿದ್ದು, “ಹಂಗಾದ್ರ ನಮ್ಮೂರಾಗೂ ಪಂಕ್ತಿ ಕಾಯಾವ್ರು ಬೇಕಲ್ರಿ ಮಾಸ್ತರ್ರೀ. ನನ್ನ ಪಂಪು ಬ್ಯಾರೇಜಿನ ಬಾಯ್ಯಾಗೇ ಅದ” ಎಂದರು. ನಾನು ಬರೆದ ಇಷ್ಟೂ ಪುಟಗಳಿಗಿಂತ ಆ ಒಂದು ಮಾತು ದೊಡ್ಡದೆಂದು ನನಗೆ ತೋರಿತು.

ಭೀಮಾತೀರದ ಸದ್ಭಕ್ತರು ತಮ್ಮ ಪ್ರತಿನಿಧಿಗಳನ್ನು ಮತ ಕೇಳಲು ಬಂದಾಗ ಒಂದು ಮಾತು ಕೇಳಲಿ: ತೀರ್ಪುಗಳಿಗೆ ಕಾಲಮಿತಿಯನ್ನೂ, ಬೇಸಗೆಯ ಹರಿವಿಗೆ ಕಟ್ಟಳೆಯನ್ನೂ, ಅಳತೆಗೆ ಬಹಿರಂಗವನ್ನೂ ತರಲು ಸಂಸತ್ತಿನಲ್ಲಿ ನೀವು ಏನು ಮಾಡಿದಿರಿ? ಆ ಪ್ರಶ್ನೆಯನ್ನು ಕೇಳಿದ ಮೇಲೆ, ಅದೇ ಸಂಜೆ, ತಮ್ಮ ಹೊಲದ ಕೆಳಗಿನ ಹೊಲದವನಿಗೆ ನೀರು ಮುಟ್ಟಿತೇ ಎಂದು ನೋಡಿ ಬರಲಿ. ಪಂಕ್ತಿಯ ಕೊನೆಯಲ್ಲಿ ಕುಳಿತವನಿಗೂ ಪ್ರಸಾದವು ಮುಟ್ಟುವಂತಾಗಲೆಂದು ಪರಶಿವನನ್ನು ಪ್ರಾರ್ಥಿಸಿ ವಿರಮಿಸುತ್ತೇನೆ. ಶರಣು ಶರಣಾರ್ಥಿ.